ತೊಲೆಗೆ ಕಟ್ಟಿದ ದಾರ

"ಈ ಮನಿ ನನ್ನ ಕೈಲೆ ಆಗೂದಿಲ್ರಿ ವೈನಿ. ತಪ್ಪು ತಿಳ್ಕೋಬ್ಯಾಡ್ರಿ."

ಗುತ್ತೇದಾರ ಸೂರ್ಯಕಾಂತ ಇಷ್ಟು ಹೇಳಿ, ಅರ್ಧ ಕುಡಿದ ಚಹಾದ ಕಪ್ಪನ್ನು ಕೆಳಗಿಟ್ಟು ಎದ್ದೇಬಿಟ್ಟ.

ಪಡಸಾಲೆಯಲ್ಲಿ ಕೂತಿದ್ದವರೆಲ್ಲ ಅವನ ಮುಖ ನೋಡಿದರು. ಎಲ್ಲರಿಗಿಂತ ಹೆಚ್ಚು ಬೆಪ್ಪಾದವಳು ಅವನ ಪಕ್ಕದಲ್ಲೇ ಪೆನ್ನು ಹಿಡಿದು ಕೂತಿದ್ದ ಸುಮೇಧಾ. ಬೆಳಗ್ಗೆ ಹುಮನಾಬಾದಿನಿಂದ ಹೊರಡುವಾಗ ಇದೇ ಸೂರ್ಯಕಾಂತ, "ಫಿಕರ್ ಮಾಡಬ್ಯಾಡ ತಂಗಿ, ಸಂಜೀತನಕ ಆ ಮನಿ ಅಳತಿ ಮಾಡ್ಕೋತ ಇರತೀನಿ, ನೀ ನಿನ್ನ ಕೆಲಸ ಮಾಡ್ಕೊ" ಎಂದು ಮಾತು ಕೊಟ್ಟಿದ್ದ. ಪಡಸಾಲೆ ಅಳೆಯುವಾಗಲೂ ಖುಷಿಯಾಗಿಯೇ ಇದ್ದ. ಒಳಗಿನ ಕೋಣೆಗೆ ಹೋಗಿ ಬಂದವನೇ ಟೇಪನ್ನು ಜೇಬಿಗಿಳಿಸಿ ಚಪ್ಪಲಿ ಹುಡುಕತೊಡಗಿದ್ದಾನೆ. ಒಳಗೇನು ದೆವ್ವ ಕಂಡನೋ?

ಈ ಬಸವಕಲ್ಯಾಣದ ಮನೆಯವರ ಪಾಲಿಗೆ ಸುಮೇಧಾ ಎಂದರೆ ಸೂರ್ಯಕಾಂತನ ಅಂದಾಜು ಬರೆದುಕೊಳ್ಳುವ ಹೆಣ್ಣುಮಗಳು. ನಿಜಕ್ಕೆ ಅವಳು ಪೊಲೀಸ್ ಕೆಲಸ ಬಿಟ್ಟು, ಹುಮನಾಬಾದಿನ ಟಯರ್ ಅಂಗಡಿಯೊಂದರ ಮೇಲೆ ಪತ್ತೇದಾರಿಯ ಬೋರ್ಡು ಹಾಕಿಕೊಂಡವಳು. ಹುಡಗಿ ಎಂಬ ಊರಿನ ಮಚ್ಚೇಂದ್ರ ಎಂಬ ಗಾರೆ ಕೆಲಸದ ಗೌಂಡಿ, "ಕಲ್ಯಾಣದಾಗ ಒಂದು ಮನಿ ನೋಡಿ ಬರ್ತೀನಿ" ಎಂದು ಯುಗಾದಿಯ ಮರುದಿನ ಹೋದವನು ಮರಳಿರಲಿಲ್ಲ. ಅವನ ಮೋಟಾರ್‌ಸೈಕಲ್ ಮಾತ್ರ ಇದೇ ಮನೆಯ ಹಿಂದಿನ ಓಣಿಯಲ್ಲಿ ಸಿಕ್ಕಿತ್ತು. ಮನೆಯವರೋ, ಅಂಥ ಹೆಸರಿನವನು ತಮ್ಮ ಹೊಸ್ತಿಲು ತುಳಿದೇ ಇಲ್ಲ ಎಂದಿದ್ದರು.

ಅವನ ಹೆಂಡತಿ ಮುಕ್ತಾಬಾಯಿ ಈಗ ಸುಮೇಧಾಳ ಮನೆಯಲ್ಲೇ ಠಿಕಾಣಿ ಹೂಡಿದ್ದಳು. ಅವಳು ಕೇಳುವುದು ಒಂದೇ ಮಾತು.

"ಅಕ್ಕಾ, ಅವ ಇದ್ದಾನೋ ಇಲ್ಲೋ, ಅಷ್ಟ ಹೇಳ್ರಿ. ಇದ್ದರ ಕಾಯತೀನಿ. ಇಲ್ಲಂದ್ರ ಅಳತೀನಿ. ಎರಡೂ ಮಾಡದಂಗ ಹ್ಯಾಂಗ ಇರ್ಲಿ?"



ಮನೆಯೊಡತಿ ವಿಜಯಶ್ರೀ ಸೊಂಟದ ಮೇಲೆ ಕೈಯಿಟ್ಟು ಸೂರ್ಯಕಾಂತನ ದಾರಿಗೆ ಅಡ್ಡ ನಿಂತಳು.

"ನೀವು ಮೂರನೇಯೋರು! ಮಂಗಳವಾರ ಬಂದಾಂವ ತನ್ನ ಅತ್ತಿಗೆ ಆರಾಮಿಲ್ಲ ಅಂದ. ಅವನ ಹಿಂದ ಬಂದಾಂವ, ನಿಮ್ಮನಿ ಮೂಡಲಕ್ಕ ಮಾರಿ ಮಾಡ್ಯಾದ, ನನಗ ಮೂಡಲ ಆಗಿಬರೂದಿಲ್ಲ ಅಂದ. ಮನ್ಯಾಗ ಇರೋರು ನಾವಾ, ಅವನಾ? ಈಗ ನಿಮ್ಮ ನೆವ ಏನ್ರಿ?"

"ನನಗಾ..." ಸೂರ್ಯಕಾಂತ ತಡವರಿಸಿದ. "ನಡಾ ಹಿಡದದ್ರಿ."

"ಈಗ ಮಾಳಗಿ ಹತ್ತಿ ಇಳದ್ರಲ್ರಿ, ಮಂಗ್ಯಾನ ಹಂಗ!"

"ಇಳಿಯೂ ಮುಂದ ಹಿಡೀತು."

ಬೇರೆ ಹೊತ್ತಾಗಿದ್ದರೆ ಸುಮೇಧಾ ನಕ್ಕುಬಿಡುತ್ತಿದ್ದಳು. ಆದರೆ ಅವಳ ಕಣ್ಣು ಆಗಲೇ ಉಳಿದ ಇಬ್ಬರ ಮುಖದ ಮೇಲೆ ಹೋಗಿತ್ತು.

ಆ ಮನೆಯಲ್ಲಿ ಗೌಂಡಿ ಆರಿಸುವ ಮಾತೆತ್ತಿದರೆ ಎತ್ತು ಏರಿಗೆ, ಕೋಣ ನೀರಿಗೆ. ವಿಜಯಶ್ರೀಗೆ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸಬೇಕು. ಜಂತಿಗಳು ಬಾಗಿವೆ, ಮಳೆಗಾಲ ತಡೆಯುವುದಿಲ್ಲ. ಅವಳ ಅತ್ತೆ ಸೂಗಮ್ಮನಿಗೆ ಸಾಗವಾನಿ ತೊಲೆಗಳು ಹಾಗೇ ಉಳಿಯಬೇಕು. ಹುಮನಾಬಾದಿನ ಪೇಟೆಯಲ್ಲಿ ತೊಗರಿ ದಲ್ಲಾಳಿಯ ಅಡತಿ ಅಂಗಡಿ ನಡೆಸುವ ವಿಜಯಶ್ರೀಯ ಗಂಡ ದಿಗಂಬರನಿಗೆ ಏನು ಬೇಕೆಂಬುದು ಹೆಂಡತಿಗೂ ತಿಳಿಯದು, ತಾಯಿಗೂ ತಿಳಿಯದು.

ಈ ಹೊತ್ತು ಮಾತ್ರ ಅವನ ಮುಖದಲ್ಲಿ ಒಂದು ನಿರಾಳ ಕಂಡಿತು. ಹಲ್ಲುನೋವು ಥಟ್ಟನೆ ನಿಂತವನ ಮುಖ ಹೇಗಿರುತ್ತದೋ ಹಾಗೆ.

"ಹೋಗ್ಲಿ ಬಿಡು ವಿಜಯಾ," ಎಂದ ಅವನು, ಬೈಕಿನ ಕೀಲಿ ಕೈಗೆತ್ತಿಕೊಳ್ಳುತ್ತ. "ಮೂರು ಮಂದಿ ಒಲ್ಲೆ ಅಂದ್ರ ಏನೋ ಅದ ಅಂತ ತಿಳಿ. ಈ ವರ್ಷ ಮನಿ ಹ್ಯಾಂಗದ ಹಂಗ ಇರ್ಲಿ. ನನಗ ಪ್ಯಾಟಿಗೆ ಹೊತ್ತಾತು."

ಒಳಕೋಣೆಯ ಬಾಗಿಲಲ್ಲಿ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದ ಸೂಗಮ್ಮ ತಲೆಯನ್ನೇ ಎತ್ತಲಿಲ್ಲ. ಮನೆಯಲ್ಲಿ ಇಷ್ಟು ರಂಪ ನಡೆಯುತ್ತಿದ್ದರೂ ಆ ಮುದುಕಿಗೆ ಒಂಚೂರೂ ಅಚ್ಚರಿಯಿಲ್ಲ. ಗೌಂಡಿಗಳು ಬರುತ್ತಾರೆ, ಓಡುತ್ತಾರೆ ಎಂದು ಮೊದಲೇ ಗೊತ್ತಿದ್ದವರ ಹಾಗೆ.

ಮಗ ಹಗುರಾಗಿದ್ದಾನೆ, ತಾಯಿ ತಣ್ಣಗಿದ್ದಾಳೆ, ಸೊಸೆ ಕೆಂಡವಾಗಿದ್ದಾಳೆ. ಇವರಲ್ಲಿ ಸುಳ್ಳು ಹೇಳಿದವರು ಯಾರು? ಸುಮೇಧಾಳ ತಲೆ ನೂಲಿನ ಉಂಡೆಯಾಯಿತು. ಅವಳು ಸೂರ್ಯಕಾಂತನ ಬೆನ್ನು ಹತ್ತಿ ಹೊರಬಿದ್ದಳು.

ಓಣಿಯ ತುದಿಯ ಚಹಾದ ಹೋಟೆಲಿನಲ್ಲಿ ಅವನನ್ನು ಹಿಡಿದು ಕೂರಿಸಿದಳು. ಮುಂದೆ ಬಿಸಿ ಭಜಿ ಬಂದರೂ ಅವನು ಮುಟ್ಟಲಿಲ್ಲ.

"ಅಣ್ಣಾ, ನನಗ ಮಾತು ಕೊಟ್ಟು ಹಿಂಗ ಮಾಡೂದಾ?"

"ಅದು ನಮ್ಮ ಗೌಂಡಿ ಮಂದಿ ಮಾತು ತಂಗಿ. ಹೊರಗ ಹೇಳಬಾರದು."

"ಯಾಕ?"

"ಹೇಳಿದ್ರ ಆ ಮನ್ಯಾಗ ಜಗಳ ಹತ್ತತದ. ಆ ಪಾಪ ನಮಗ್ಯಾಕ ಅಂತ ಎಲ್ಲಾರೂ ಅತ್ತಿ, ನಡಾ ಅಂತ ನೆವ ಹೇಳಿ ಎದ್ದು ಬರ್ತೀವಿ."

"ನಮ್ಮನ್ಯಾಗ ಮುಕ್ತಾಬಾಯಿ ಕುಂತಾಳ. ಆಕಿ ಮಾರಿ ನೋಡೀರಿಲ್ಲೋ ನೀವು?"

ಸೂರ್ಯಕಾಂತ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಆಮೇಲೆ ದನಿ ತಗ್ಗಿಸಿದ.

"ಹಳೀ ಮನಿ ದುರಸ್ತಿ ಹಿಡಿಯೂ ಮುಂದ ಒಂದು ರಿವಾಜು ಅದ. ಮನಿ ಹಿರೇರು ಗೌಂಡಿ ಕೈಯಾಗ ಕಾಯಿ ಇಡತಾರ. ಕಾಯಿ ಬಂತಂದ್ರ ಮನಿ ಅವನದಾತು. ಗ್ವಾಡಿ ನೆಟ್ಟಗದನೋ ಇಲ್ಲೋ ನೋಡೋ ಗುಂಡಿರ್ತದಲ್ಲ, ಅದರ ದಾರಕ್ಕ ಅರಿಶಿಣ ಹಚ್ಚಿ ಅವ ಒಳಗಿನ ಕೋಣಿ ತೊಲಿಗೆ ಕಟ್ಟತಾನ. ಆ ದಾರ ಇರೂ ತನಕ ಮತ್ತೊಬ್ಬ ಗೌಂಡಿ ಆ ಮನಿಗೆ ಕೈ ಹಚ್ಚೂದಿಲ್ಲ. ಲಕ್ಷ ಕೊಟ್ಟರೂ ಹಚ್ಚೂದಿಲ್ಲ."

ಸುಮೇಧಾಳಿಗೆ ತನ್ನ ಹಣೆ ತಾನೇ ಚಚ್ಚಿಕೊಳ್ಳಬೇಕೆನ್ನಿಸಿತು. ಒಳಕೋಣೆಯ ತೊಲೆಯ ಮೇಲಿನ ಹಳದಿ ದಾರವನ್ನು ಅವಳೂ ನೋಡಿದ್ದಳು. ಯಾವುದೋ ಹರಕೆಯದಿರಬೇಕೆಂದು ಬಿಟ್ಟಿದ್ದಳು. ಪತ್ತೇದಾರಳಂತೆ ಪತ್ತೇದಾರಳು!

"ಯಾರ ದಾರ ಅದು?"

"ಮಚ್ಚೇಂದ್ರಂದು."

"ದಾರಕ್ಕೇನು ಹೆಸರು ಬರದಿರ್ತದೇನಣ್ಣಾ?"

"ನಾನೂ ಅವನೂ ಒಬ್ಬ ಉಸ್ತಾದನ ಕೈಯಾಗ ಕಲ್ತೋರು. ಅವ ಎಡಗೈಯಾಂವ. ಅವನ ಗಂಟು ಉಲ್ಟಾ ತಿರುವು. ಆ ಗಂಟು ನಾ ನಿದ್ದ್ಯಾಗೂ ಗುರುತು ಹಿಡೀತೀನಿ. ಅದು ಹೋಗ್ಲಿ, ಆ ಕೋಣಿ ಬಾಜೂಕ ಬಚ್ಚಲ ಒಲಿ ಅದ. ದಿನಾ ಹೊಗಿ ಒಳಗ ಬರ್ತದ, ತೊಲಿ ಕರ್ರಗಾಗ್ಯಾವ. ಅರಿಶಿಣ ಅಲ್ಲಿ ಎಷ್ಟ ದಿನ ತಡದೀತು? ಆ ದಾರ ಇನ್ನೂ ಹಳದಿ ಅದ."

"ಅಂದ್ರ?"

"ಅಂದ್ರ ಹೊಸಾದು. ಒಂದು ವಾರದೊಳಗ ಕಟ್ಟಿದ್ದು."

ಸುಮೇಧಾಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಯುಗಾದಿಯ ಮರುದಿನ ಕಾಣೆಯಾದವನು, ಕಳೆದ ವಾರ ಈ ಮನೆಗೆ ಬಂದು ದಾರ ಕಟ್ಟಿದ್ದಾನೆಯೇ? ಹಾಗಿದ್ದರೆ ಇಷ್ಟು ದಿನ ಎಲ್ಲಿದ್ದ? ತನ್ನ ಊರು ಅಷ್ಟು ಹತ್ತಿರವಿದ್ದರೂ ಹೆಂಡತಿಗೆ ಒಂದು ಫೋನ್ ಯಾಕೆ ಮಾಡಲಿಲ್ಲ? ಕಾಯಿ ಕೊಟ್ಟವರು ಅದನ್ನು ಮುಚ್ಚಿಟ್ಟರೆ, ಮತ್ತೆ ಮೂರು ಜನ ಗುತ್ತೇದಾರರನ್ನು ಕರೆಸುವ ನಾಟಕ ಯಾಕೆ? ಒಂದು ಗಂಟು ಬಿಚ್ಚಿದರೆ ಒಳಗೆ ಮತ್ತೆ ಗಂಟು.

"ಅಣ್ಣಾ, ಆ ದಾರ ಯಾರು ಬಿಚ್ಚಬಹುದು?"

"ಕಟ್ಟಿದಾಂವ ತಾನೇ ಬಂದು ಬಿಚ್ಚಬೇಕು. ಕೆಲಸ ಬ್ಯಾಡಾದ್ರ, ಇಲ್ಲಾ ಮುಗದ್ರ." ಸೂರ್ಯಕಾಂತ ಭಜಿಯ ತಟ್ಟೆಯನ್ನು ಆಚೆ ಸರಿಸಿದ. "ಅವ ತೀರಿಕೊಂಡ ಅಂದ್ರ ಅವನ ಹೇಂತಿ ಬಂದು ಬಿಚ್ಚತಾಳ. ಬ್ಯಾರೆ ಯಾರೂ ಮುಟ್ಟಬಾರದು."

ಬರೆದುಕೊಳ್ಳುವ ಪ್ಯಾಡು ಮರೆತೆ ಎಂಬ ನೆಪ ಹಿಡಿದು ಸುಮೇಧಾ ಒಬ್ಬಳೇ ಆ ಮನೆಗೆ ಮರಳಿದಳು. ಪ್ಯಾಡು ಅವಳ ಚೀಲದಲ್ಲೇ ಇತ್ತೆಂಬುದು ಬೇರೆ ಮಾತು.

ಬಾಗಿಲಲ್ಲಿ ಎದುರಾದ ವಿಜಯಶ್ರೀಯ ಮುಖ ಈಗ ಅರಳಿತ್ತು.

"ನಿಮ್ಮ ಸಾಹೇಬರಿಗೆ ಹೇಳ್ರಿ, ಅವರ ನಡಾ ಅವರ ಕಡೇನ ಇರ್ಲಿ ಅಂತ. ನಮಗ ಗೌಂಡಿ ಸಿಕ್ಕಾನ. ಈಗ ಇವರದೇ ಫೋನ್ ಬಂದಿತ್ತು. ನಾಳೆ ಮುಂಜಾನಿ ಬಂದು ಮಾಳಗಿ ಒಡೀಲಾಕ ಸುರು ಮಾಡ್ತಾರಂತ."

"ಯಾರು ಗೊತ್ತು ಮಾಡಿದ್ರು?"

"ಇವರೇ ಮಾಡ್ಯಾರ. ನನ್ನ ಗಂಡ."

ಸುಮೇಧಾ ಕಣ್ಣು ಪಿಳುಕಿಸಿದಳು. ಈಗಷ್ಟೇ 'ಈ ವರ್ಷ ಮನಿ ಹಂಗ ಇರ್ಲಿ' ಎಂದು ಹೋದವನು, ಹುಮನಾಬಾದ್ ಮುಟ್ಟುವ ಮೊದಲೇ ಮಾಳಿಗೆ ಒಡೆಯಲು ಆಳು ಗೊತ್ತು ಮಾಡಿದನೇ? ಆ ಹೊಸ ಗೌಂಡಿಗೆ ದಾರದ ಹೆದರಿಕೆ ಇಲ್ಲವೇ?

ವಿಜಯಶ್ರೀ ಸಾಮಾನು ಸರಿಸಲು ಮಾಳಿಗೆ ಹತ್ತಿದಳು. ಸುಮೇಧಾ ಒಳಕೋಣೆಗೆ ನುಗ್ಗಿ ತಲೆ ಎತ್ತಿದಳು.

ದಾರ ಇರಲಿಲ್ಲ.

ಹೊಗೆಗೆ ಕಪ್ಪಾದ ತೊಲೆಯ ಸುತ್ತ ತೆಳ್ಳನೆಯ ಹಳದಿ ಗೆರೆ ಮಾತ್ರ ಉಳಿದಿತ್ತು. ಕೆಳಗೆ ನೆಲದ ಮೇಲೆ ದಾರದ ಒಂದು ಎಳೆಯೂ ಬಿದ್ದಿರಲಿಲ್ಲ. ಅದರ ಕೆಳಗೇ ಕೂತ ಸೂಗಮ್ಮ ಬತ್ತಿ ಹೊಸೆಯುತ್ತಲೇ ಇದ್ದಳು.

"ಆಯಿ, ಈ ತೊಲಿಗೆ ಒಂದು ದಾರ ಇತ್ತು."

"ಇದ್ದೀತು. ಹಳೀ ಮನ್ಯಾಗ ಏನೇನೋ ಇರ್ತಾವ."

"ಹುಡಗಿ ಊರಿನ ಮಚ್ಚೇಂದ್ರ ಕಟ್ಟಿದ್ದು."

ಮುದುಕಿಯ ಬೆರಳು ನಿಂತವು. ಕನ್ನಡಕದ ಮೇಲಿಂದ ಅವಳು ಸುಮೇಧಾಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ನೀ ಅಂದಾಜು ಬರಿಯಾಕಿ ಅಲ್ಲ."

"ಅಲ್ರಿ."

"ಬಂದಾಗಲೇ ಗೊತ್ತಾತು ನನಗ. ಅಂದಾಜು ಬರಿಯೋರು ಗ್ವಾಡಿ ನೋಡತಾರ. ನೀ ಮಂದಿ ಮಾರಿ ನೋಡಾಕತ್ತಿದ್ದಿ."

ಸುಮೇಧಾ ಅವಳ ಎದುರಿಗೆ ನೆಲದ ಮೇಲೆಯೇ ಕೂತಳು. ಇಂಥವರ ಮುಂದೆ ಸುತ್ತು ಬಳಸಿ ಮಾತಾಡಿ ಪ್ರಯೋಜನವಿರಲಿಲ್ಲ.

"ಅವನ ಹೇಂತಿ ಯುಗಾದಿಯಿಂದ ಹೊಟ್ಟಿಗೆ ಸರಿಯಾಗಿ ಉಂಡಿಲ್ಲ ಆಯಿ. ಗಂಡ ಇದ್ದಾನೋ ಸತ್ತಾನೋ ತಿಳೀದ ಕುಂತಾಳ. ಅವನ ಕೈಯಾಗ ಕಾಯಿ ಇಟ್ಟೋರು ನೀವೇನ್ರಿ?"

"ಹೌದು, ನಾನೇ ಇಟ್ಟೆ. ಕದ್ದು ಇಟ್ಟಿಲ್ಲ. ಈ ಮನಿಗೆ ಹಿರ್ಯಾಕಿ ನಾ. ನನ್ನ ತಲಿ ಮ್ಯಾಲಿನ ತೊಲಿ ಯಾರು ಮುಟ್ಟಬೇಕು, ಯಾರು ಮುಟ್ಟಬಾರದು ಅಂತ ಹೇಳೂ ಅಧಿಕಾರ ನನಗದ. ಸೊಸಿ ಕೆಡವೋರನ್ನ ಹುಡುಕಾಕತ್ತಿದ್ಲು. ನಾ ಉಳಸಾಂವನ್ನ ಹುಡುಕಿದೆ."

"ಯಾವಾಗ ಇಟ್ರಿ?"

"ಮೊನ್ನೆ ಸೋಮವಾರ. ಗಂಡ ಹೇಂತಿ ಇಬ್ಬರೂ ಲಗ್ನಕ್ಕ ಹೋಗಿದ್ರು."

ಸೋಮವಾರ!  ಸೋಮವಾರದವರೆಗೆ ಮಚ್ಚೇಂದ್ರ ಬದುಕಿದ್ದ. ಕೈಯಲ್ಲಿ ಕಾಯಿ ಹಿಡಿದುಕೊಂಡು, ಏಣಿ ಹತ್ತಿ, ಗಂಟು ಹಾಕುವಷ್ಟು ಗಟ್ಟಿಯಿದ್ದ.

"ಅವ ಹ್ಯಾಂಗಿದ್ದ ಆಯಿ?"

"ಸೊರಗಿದ್ದ. ಹಿತ್ತಲ ಬಾಗಿಲಲೆ ಬಂದ, ಹಿತ್ತಲ ಬಾಗಿಲಲೆ ಹೋದ. 'ನಾ ಬಂದದ್ದು ಯಾರ ಮುಂದೂ ಆಡಬ್ಯಾಡ್ರಿ, ನಿಮ್ಮ ಮಗನ ಮುಂದಂತೂ ಬಿಲ್ಕುಲ್ ಬ್ಯಾಡ' ಅಂದ. ಯಾಕೋ ಅಂದ್ರ ಕೈ ಮುಗದ. ಕೈ ಮುಗದಾಂವಗ ಮಾತು ಕೊಟ್ಟೆ. ಅದಕ್ಕ ಮೂರು ಮಂದಿ ಬಂದು ಹೋದ್ರೂ ನಾ ಬಾಯಿ ಬಿಡಲಿಲ್ಲ."

ಮಗನ ಹೆಸರು ಬಂದಾಗ ಮುದುಕಿಯ ದನಿ ಒಂದಿಷ್ಟು ನಡುಗಿತು. ಅವಳಿಗೂ ಏನೋ ಅನುಮಾನವಿತ್ತು. ತಾಯಿಯಾದ್ದರಿಂದ ಅದನ್ನು ಬಾಯಿಬಿಟ್ಟು ಹೇಳಲಾರಳು.

"ಹಂಗಾದ್ರ ಈಗ ದಾರ ಯಾರು ಕತ್ತರಿಸಿದ್ರು?"

"ಯಾರೂ ಕತ್ತರಿಸಿಲ್ಲ. ನೀವು ಹೊರಗ ಹೋದಿರಿ, ಆ ಕಡೆ ಹಿತ್ತಲ ಬಾಗಿಲು ಬಡೀತು. ಏಣಿ ಇಲ್ಲೇ ಇತ್ತು. ಗಂಟು ಬಿಚ್ಚಿ, ದಾರ ಮಡಚಿ, ಕಣ್ಣಿಗೊತ್ತಿಕೊಂಡು ಹೋದ್ರು. ಬಿಚ್ಚೂ ಹಕ್ಕು ಇದ್ದೋರೇ ಬಿಚ್ಚ್ಯಾರ. ನಾ ತಡಿಯಾಕಿ ಯಾರು?"

ಅಷ್ಟು ಹೇಳಿ ಸೂಗಮ್ಮ ಬಚ್ಚಲ ಒಲೆಗೆ ಕಟ್ಟಿಗೆ ನೂಕಲು ಎದ್ದು ಹೋದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಾಯಿತು ಎಂಬಂತಿತ್ತು ಆ ಬೆನ್ನು.

ಹಕ್ಕು ಇದ್ದವರು ಇಬ್ಬರೇ. ಒಬ್ಬ ಮಚ್ಚೇಂದ್ರ. ಇನ್ನೊಬ್ಬಳು, ಅವನು ಸತ್ತಿದ್ದರೆ, ಮುಕ್ತಾಬಾಯಿ.  ಮುಕ್ತಾಬಾಯಿಗೇ ಎಲ್ಲ ಗೊತ್ತಿದೆಯೇ? ಗಂಡ ಸತ್ತ ಸುದ್ದಿ ತಿಳಿದೂ ತಮ್ಮ ಮನೆಯಲ್ಲಿ ಕೂತು ನಾಟಕವಾಡಿ, ಇಂದು ಬೆನ್ನ ಹಿಂದೆ ಇಲ್ಲಿಗೆ ಬಂದಳೇ? ಛೇ, ಆ ಕಣ್ಣು ಸುಳ್ಳು ಹೇಳಲಾರದು. ಆದರೆ ಸುಳ್ಳು ಹೇಳಲಾರದ ಕಣ್ಣುಗಳನ್ನು ಠಾಣೆಯಲ್ಲಿ ಅವಳು ಬೇಕಾದಷ್ಟು ನೋಡಿದ್ದಳು.

ಅಂಗಳಕ್ಕೆ ಬಂದು ಮನೆಗೆ ಫೋನ್ ಹಚ್ಚಿದಳು. ತಾಯಿ ಶೇವಂತಾಬಾಯಿ ಎತ್ತಿಕೊಂಡಳು.

"ಅವ್ವಾ, ಮುಕ್ತಾಬಾಯಿ ಎಲ್ಲಿದ್ದಾಳ?"

"ಎಲ್ಲಿರ್ತಾಳ? ನನ್ನ ಮುಂದ ಕುಂತು ರೊಟ್ಟಿ ಬಡಿಯಾಕತ್ತಾಳ. ಕೇಳಸವಲ್ದೇನು?"

ಕೇಳಿಸುತ್ತಿತ್ತು. ತಟ್, ತಟ್, ತಟ್.

"ಮುಂಜಾನಿಂದ ಎಲ್ಲ್ಯಾರ ಹೊರಗ ಹೋಗಿದ್ಲೇನು?"

"ಹೊಸ್ತಿಲು ದಾಟಿಲ್ಲ. ಯಾಕ, ಏನಾತು?"

ಅಂದರೆ ಬಿಚ್ಚಿದವನು ಮಚ್ಚೇಂದ್ರನೇ! ಸುಮೇಧಾಳಿಗೆ ನಿಂತ ನೆಲ ಹಗುರಾದಂತಾಯಿತು. ಎಲ್ಲೋ ಅಡಗಿಕೊಂಡಿದ್ದಾನೆ, ಯಾರಿಗೋ ಹೆದರಿದ್ದಾನೆ, ಆದರೆ ಇದ್ದಾನೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂಬುದನ್ನು ಪೊಲೀಸ್ ಕೆಲಸ ಅವಳಿಗೆ ಸಾವಿರ ಸಲ ಕಲಿಸಿತ್ತು. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಅಷ್ಟು ದಿನದಿಂದ ಆ ಹೆಂಗಸಿನ ಮುಖ ನೋಡಿ ಸಾಕಾಗಿತ್ತು.

"ಅವ್ವಾ, ಫೋನ್ ಮುಕ್ತಾನ ಕೈಯಾಗ ಕೊಡು."

ರೊಟ್ಟಿಯ ಸಪ್ಪಳ ನಿಂತಿತು.

"ಅಕ್ಕಾ?"

"ಮುಕ್ತಾ, ಅವ ಇದ್ದಾನ."

ಆ ಕಡೆಯಿಂದ ಕೇಳಿಸಿದ್ದು ಅಳುವೋ ನಗುವೋ ತಿಳಿಯಲಿಲ್ಲ. ಎರಡೂ ಇದ್ದೀತು. ಸುಮೇಧಾ ಕಣ್ಣೊರೆಸಿಕೊಂಡಳು.

"ಕಣ್ಣಲೆ ನೋಡಿದ್ರೇನಕ್ಕಾ?"

"ನಾ ನೋಡಿಲ್ಲ. ಕಟ್ಟಿದ ದಾರ ಬಿಚ್ಚಿಕೊಂಡು ಈಗ ಹೋಗ್ಯಾನ. ಇಲ್ಲಿ ಆಯಿ ನೋಡ್ಯಾರ."

"ಆಯಿಗೆ ಕೇಳ್ರಿ, ಉಂಡಿದ್ದನೋ ಇಲ್ಲೋ ಅಂತ. ಮೈಮ್ಯಾಲ ಅಂಗಿ ಹ್ಯಾಂಗಿತ್ತು ಕೇಳ್ರಿ. ಅಕ್ಕಾ, ನನಗೂ ಕೇಳೂ ಹಂಗ ಮಾಡ್ರಿ, ನಿಮ್ಮ ಕಾಲು ಬೀಳ್ತೀನಿ!"

ಸುಮೇಧಾ ಫೋನಿನ ಸ್ಪೀಕರ್ ಹಾಕಿ, ಅದನ್ನು ಅಂಗೈಯಲ್ಲಿ ಹಿಡಿದು ಬಚ್ಚಲಿಗೆ ಬಂದಳು. ಸೂಗಮ್ಮ ಊದುಗೊಳವೆಯಿಂದ ಒಲೆ ಊದುತ್ತಿದ್ದಳು.

"ಆಯಿ, ಈಗ ದಾರ ಬಿಚ್ಚಾಕ ಬಂದಾಗ ಮಚ್ಚೇಂದ್ರ ಹ್ಯಾಂಗಿದ್ದ? ಜರಾ ಬಿಡಿಸಿ ಹೇಳ್ರಿ."

ಮುದುಕಿ ಹೊಗೆಗೆ ಕೆಂಪಾದ ಕಣ್ಣು ತಿರುಗಿಸಿದಳು. "ಮಚ್ಚೇಂದ್ರ ಎಲ್ಲಿ ಬಂದಾನವ್ವಾ? ಬಂದಾಕಿ ಅವನ ಹೇಂತಿ."

"ಏನಂದ್ರಿ?"

"ಅವನ ಹೇಂತಿ ಬಂದಿದ್ಲು ಅಂದೆ. ಇನ್ನೂ ಎಳೇ ಹುಡುಗಿ. ಬರೇ ಹಣಿ. ಗುರುತಿಗೆ ಅಂತ ಅವನ ಗುಂಡು ತಂದಿದ್ಲು, ಅವನ ಹೆಸರು ಕೆತ್ತಿದ್ದು. ಆ ಉಲ್ಟಾ ಗಂಟು ಕಣ್ಣು ಮುಚ್ಚಿ ತಗಿಯೂದರಾಗ ತಗದ್ಲು. 'ನಿನ್ನೆ ಮಣ್ಣು ಮಾಡಿದಿವಿ ಆಯಿ, ನಿಮ್ಮನಿ ಈಗ ಖುಲ್ಲಾ ಆತು' ಅಂದ್ಲು. ನೀ ಬಂದಾಗ, ನಿನಗಿನ್ನೂ ಸುದ್ದಿ ಮುಟ್ಟಿಲ್ಲ ಅಂತ ತಿಳಕೊಂಡೆ; ಸಾವಿನ ಸುದ್ದಿ ನನ್ನ ಬಾಯಲೆ ಯಾಕ ಅಂತ ಬಿಟ್ಟೆ."

ಸುಮೇಧಾಳ ಹೆಬ್ಬೆರಳು ಫೋನಿನ ಗಾಜಿನ ಮೇಲೆ ಎಲ್ಲೆಲ್ಲೋ ಒತ್ತಿತು. ಕರೆ ನಿಲ್ಲಿಸುವ ಗುಂಡಿಯನ್ನು ಮಾತ್ರ ಒತ್ತಲಿಲ್ಲ. ಒಲೆಯ ಹೊಗೆ ಇಬ್ಬರ ನಡುವೆ ಸುತ್ತುತ್ತಿತ್ತು.

ಅಂಗೈಯೊಳಗಿಂದ, ಹುಮನಾಬಾದಿನಿಂದ, ಮುಕ್ತಾಬಾಯಿಯ ದನಿ ಬಂತು. ಅದರಲ್ಲಿ ಅಳು ಇರಲಿಲ್ಲ.

"ಅಕ್ಕಾ... ಆಯಿ ಯಾರ ಬಗ್ಗೆ ಹೇಳಾಕತ್ತಾರ?"